ಹಿರಿಯರು ಕೆಲಸದ ಗುಟ್ಟು ಹೇಳಿಕೊಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಯಂತ್ರಗಳ ನಿರ್ವಹಣೆ ಮತ್ತು ರಿಪೇರಿ ಮಾಡುವ ತಂಡವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಒಟ್ಟು 34 ಜನ. ಅವರಲ್ಲಿ ನಾಲ್ಕೈದು ಮಂದಿ ಹಿರಿಯರಿಗೆ ಗೊತ್ತಿರುವಷ್ಟು ಉಳಿದವರಿಗೆ ಗೊತ್ತಿಲ್ಲ. ಆ ಹಿರಿಯರಲ್ಲಿ ಒಬ್ಬರು ಇನ್ನು ಎಂಟು ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಎಲ್ಲರೂ ತಮಗೆ ತಿಳಿದದ್ದನ್ನು ಬರೆದಿಡಲಿ ಅಂತ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿಕೊಟ್ಟೆ. ಪ್ರತಿ ತಿಂಗಳು ಅತಿ ಹೆಚ್ಚು ಬರೆದವರಿಗೆ ಬಹುಮಾನ ಅಂತಲೂ ಹೇಳಿದೆ. ಎರಡು ತಿಂಗಳು ರಾಶಿ ರಾಶಿ ಬಂತು, ಬಹುಪಾಲು ಕಸ. ಆಮೇಲೆ ಯಾರೂ ಅತ್ತ ತಲೆ ಹಾಕಲಿಲ್ಲ. ಹಿರಿಯರನ್ನು ಕೇಳಿದರೆ "ಅದೆಲ್ಲ ಮಾಡ್ತಾ ಮಾಡ್ತಾ ಬರುತ್ತೆ ಸರ್" ಅನ್ನುತ್ತಾರೆ. ಇವರಲ್ಲಿ ಹಂಚಿಕೊಳ್ಳುವ ಮನಸ್ಸು ಹುಟ್ಟಿಸುವುದು ಹೇಗೆ?

ಉತ್ತರ: ಮನಸ್ಸು ಹುಟ್ಟಿಸುವ ವಿಷಯವನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಮೊದಲು ನಿಮ್ಮ ಹಿರಿಯರ ಜಾಗದಲ್ಲಿ ಕೂತು ಒಂದು ಲೆಕ್ಕ ಹಾಕಿ. ತನಗೆ ಗೊತ್ತಿರುವುದನ್ನು ಇನ್ನೊಬ್ಬನಿಗೆ ಹೇಳಿಕೊಟ್ಟರೆ ಅವರಿಗೆ ಬರುವುದೇನು, ಹೋಗುವುದೇನು?

ಹೋಗುವುದು ಬಹಳ ಇದೆ. ಸಮಯ ಹೋಗುತ್ತದೆ, ಯಾಕೆಂದರೆ ಅವರ ಪಾಲಿನ ರಿಪೇರಿ ಕೆಲಸವನ್ನು ನೀವೇನೂ ಕಡಿಮೆ ಮಾಡಿಲ್ಲ. "ಅವರಿಲ್ಲದೆ ಆಗಲ್ಲ" ಅನ್ನುವ ಮಾತು ಹೋಗುತ್ತದೆ. ಬರೆದದ್ದು ತಪ್ಪಾದರೆ ಮರ್ಯಾದೆಯೂ ಹೋಗಬಹುದು. ಬರುವುದು? ತಿಂಗಳ ಬಹುಮಾನ, ಅದೂ ಬಂದರೆ. ಈ ಲೆಕ್ಕದಲ್ಲಿ ಬಾಯಿ ಮುಚ್ಚಿಕೊಂಡಿರುವವರೇ ಜಾಣರು. ಅವರಲ್ಲಿ ಮನಸ್ಸಿನ ಕೊರತೆ ಇದೆ ಅಂತ ನನಗೆ ಅನಿಸುವುದಿಲ್ಲ. ಲೆಕ್ಕ ಸರಿಯಿಲ್ಲ, ಅಷ್ಟೆ. ಅದನ್ನು ಸರಿಮಾಡುವುದು ನಿಮ್ಮ ಕೈಯಲ್ಲಿದೆ.

"ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ" ಅಂತ ನಾವೆಲ್ಲ ಶಾಲೆಯಲ್ಲಿ ಕಲಿತವರು. ವಿದ್ಯೆಯ ಮಟ್ಟಿಗೆ ಅದು ನಿಜ. ಆದರೆ ಕೊಟ್ಟವನ ಬೆಲೆಯೂ ಹೆಚ್ಚುತ್ತದೆ ಅಂತ ಆ ಮಾತು ಎಲ್ಲೂ ಹೇಳುವುದಿಲ್ಲ. ಇಂಗ್ಲೆಂಡಿನ ಚೇಂಬರ್ಲೆನ್ ಮನೆತನದ ಕಥೆ ಕೇಳಿ. ಕಷ್ಟದ ಹೆರಿಗೆಯಲ್ಲಿ ಮಗುವನ್ನು ಹೊರತೆಗೆಯುವ ಚಿಮಟದಂಥ ಸಾಧನ, ಫಾರ್ಸೆಪ್ಸ್, 1600ರ ಆಸುಪಾಸಿನಲ್ಲಿ ಈ ಮನೆತನದ ಕೈಯಲ್ಲಿತ್ತು. ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಗುಟ್ಟಾಗಿಟ್ಟರು. ಆ ಸಾಧನಗಳು ಸಿಕ್ಕಿದ್ದು 1813ರಲ್ಲಿ, ಅವರು ಹಿಂದೊಮ್ಮೆ ವಾಸವಿದ್ದ ಮನೆಯ ನೆಲಹಲಗೆಯ ಕೆಳಗೆ. ಅಷ್ಟು ವರ್ಷಗಳಲ್ಲಿ ಎಷ್ಟು ತಾಯಂದಿರು, ಎಷ್ಟು ಮಕ್ಕಳು ಉಳಿಯಬಹುದಿತ್ತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಆದರೆ ಅವರ ಕಡೆಯಿಂದ ನೋಡಿ. ಗುಟ್ಟು ಹೊರಬಿದ್ದ ಮರುದಿನ ಅವರು ಊರಿನ ಎಲ್ಲ ವೈದ್ಯರ ಹಾಗೆ ಇನ್ನೊಬ್ಬ ವೈದ್ಯ. ಗುಟ್ಟು ಬಿಟ್ಟರೂ ಅನ್ನಕ್ಕೆ ಕುತ್ತಿಲ್ಲ ಅಂತ ಅವರಿಗೆ ಭರವಸೆ ಕೊಡುವವರು ಯಾರೂ ಇರಲಿಲ್ಲ.

ನಿಮ್ಮ ತಂಡದಲ್ಲಿ ಆ ಭರವಸೆ ಇದೆಯಾ? ಬಾಯಿಮಾತಿನ ಭರವಸೆ ಸಾಲದು. ಕೆಲವು ವರ್ಷಗಳ ಹಿಂದೆ ನಾನು ಸಲಹೆಗಾರನಾಗಿ ಹೋಗಿದ್ದ ಒಂದು ಕಡೆ ಹಳೆಯ ಟೆಕ್ನಿಷಿಯನ್ ಒಬ್ಬರ ಜೊತೆ ಕೂತು, ಅವರ ಕೆಲಸದ ಕ್ರಮವನ್ನು ಬರೆದುಕೊಳ್ಳಬೇಕಿತ್ತು. ಮೊದಲ ದಿನ ಪುಸ್ತಕ ತೆಗೆದೆ. ಅವರು ನಿಧಾನವಾಗಿ ಕೇಳಿದರು: "ಇದು ಮುಗಿದ ಮೇಲೆ ನಾನು ಬೇಕಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮ್ಯಾನೇಜರ್ ಹತ್ತಿರವೂ ಇರಲಿಲ್ಲ. ಆಮೇಲಿನ ಮೂರು ವಾರ ಅವರು ಬಹಳ ಮರ್ಯಾದೆಯಿಂದ, ನಗುನಗುತ್ತಾ, ಕೈಪಿಡಿಯಲ್ಲಿ ಆಗಲೇ ಇದ್ದದ್ದನ್ನೇ ನನಗೆ ಹೇಳಿದರು. ತಪ್ಪು ಅವರದಲ್ಲ.

ಹಾಗಾಗಿ ಮೊದಲ ಕೆಲಸ ಇದು. ಹೇಳಿಕೊಟ್ಟವರು ಮುಂದೆ ಏನಾಗುತ್ತಾರೆ ಅನ್ನುವುದಕ್ಕೆ ಉತ್ತರ ತಯಾರು ಮಾಡಿಕೊಳ್ಳಿ. ನಿವೃತ್ತಿಗೆ ಇನ್ನೂ ವರ್ಷಗಳಿರುವ ಉಳಿದ ಹಿರಿಯರಿಗೆ ಇದು ಜಾಸ್ತಿ ಮುಖ್ಯ. ರಾತ್ರಿ ಎರಡು ಗಂಟೆಗೆ ಫೋನ್ ಬರುವುದು ನಿಲ್ಲುತ್ತದೆ, ರಜೆ ಹಾಕಿದರೆ ರಜೆಯಾಗಿಯೇ ಇರುತ್ತದೆ, ಹೊಸ ಯಂತ್ರಗಳ ಕೆಲಸ ಮೊದಲು ನಿಮಗೇ ಸಿಗುತ್ತದೆ: ಇಂಥದ್ದನ್ನು ಹೇಳಿ, ಹೇಳಿದ್ದನ್ನು ಒಮ್ಮೆ ಮಾಡಿಯೂ ತೋರಿಸಿ. ಮತ್ತೆ, ವರ್ಷದ ಕೊನೆಗೆ ನಿಮ್ಮಲ್ಲಿ ಕೆಲಸದ ಮೌಲ್ಯಮಾಪನ ಹೇಗೆ ನಡೆಯುತ್ತದೆ ಅಂತ ನೋಡಿಕೊಳ್ಳಿ. ಒಬ್ಬರ ಎದುರು ಒಬ್ಬರನ್ನು ನಿಲ್ಲಿಸಿ ಒಂದು, ಎರಡು, ಮೂರು ಅಂತ ಅಂಕ ಕೊಡುತ್ತಿದ್ದರೆ ಉಳಿದದ್ದೆಲ್ಲ ವ್ಯರ್ಥ. ಪಕ್ಕದವನಿಗೆ ಹೇಳಿಕೊಟ್ಟರೆ ಅವನು ನನಗಿಂತ ಮೇಲೆ ಹೋಗುತ್ತಾನೆ ಅನ್ನುವಾಗ ಯಾರು ಹೇಳಿಕೊಡುತ್ತಾರೆ? ಮೈಕ್ರೋಸಾಫ್ಟ್ ಇಂಥದ್ದೇ ಪದ್ಧತಿಯನ್ನು ಬಹಳ ವರ್ಷ ಇಟ್ಟುಕೊಂಡಿತ್ತು. ತಂಡಗಳು ಒಟ್ಟಾಗಿ ಕೆಲಸ ಮಾಡಲು ಅಡ್ಡಿಯಾಗುತ್ತದೆ ಅನ್ನುವ ಟೀಕೆಗಳ ನಂತರ 2013ರ ನವೆಂಬರಿನಲ್ಲಿ ಕೈಬಿಟ್ಟಿತು.

ಇನ್ನು "ಮಾಡ್ತಾ ಮಾಡ್ತಾ ಬರುತ್ತೆ" ಅನ್ನುವ ಮಾತಿಗೆ ಬರೋಣ. ಇದನ್ನು ನೀವು ನೆಪ ಅಂದುಕೊಂಡಿದ್ದೀರಿ ಅಂತ ಪತ್ರದ ಧಾಟಿಯಿಂದ ಅನಿಸಿತು. ನೆಪಗಳು ಇರುವುದು ನಿಜ. ಕ್ಯಾಥರೀನ್ ಕಾನೆಲಿ ಮತ್ತು ಅವರ ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇಳಿದರೂ ಹೇಳದೆ ಇರುವ ಮೂರು ಬಗೆಗಳನ್ನು ಗುರುತಿಸಿದ್ದಾರೆ. ಒಂದು, ಆಮೇಲೆ ಹೇಳ್ತೀನಿ ಅಂತ ಜಾರಿಕೊಳ್ಳುವುದು ಅಥವಾ ಅರ್ಧಂಬರ್ಧ ಹೇಳುವುದು. ಎರಡು, ನನಗೂ ಗೊತ್ತಿಲ್ಲ ಅಂತ ನಟಿಸುವುದು. ಮೂರು, ಹೇಳುವ ಹಾಗಿಲ್ಲ ಅಂತ ಕಾರಣ ಕೊಟ್ಟೇ ನಿರಾಕರಿಸುವುದು. ಮೂರನೆಯದು ಎಷ್ಟೋ ಸಲ ಪ್ರಾಮಾಣಿಕವೇ ಆಗಿರುತ್ತದೆ. ಆದರೆ ನಿಮ್ಮ ಹಿರಿಯರ ಮಾತು ಈ ಮೂರರಲ್ಲಿ ಒಂದೂ ಆಗಿರಬೇಕಿಲ್ಲ. ಅವರು ನಿಜವನ್ನೇ ಹೇಳುತ್ತಿರಬಹುದು.

ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಚೆಂದದ ಪದ ಇದೆ ನೋಡಿ: ಹದ. ಹದ ಗೊತ್ತಿರುವವರನ್ನು "ಎಷ್ಟು ಹೊತ್ತು, ಎಷ್ಟು ಬಿಗಿ?" ಅಂತ ಕೇಳಿ. "ಹದ ನೋಡ್ಕೊಂಡು" ಅನ್ನುತ್ತಾರೆ. ಮುಚ್ಚಿಡುತ್ತಿರುವುದಲ್ಲ, ಕೈಗೆ ಗೊತ್ತಿರುವುದು ಬಾಯಿಗೆ ಬರುತ್ತಿಲ್ಲ. ಬೇರಿಂಗ್ ಹೋಗುವ ಮುಂಚೆ ಯಂತ್ರದ ಸದ್ದು ಹೇಗೆ ಬದಲಾಗುತ್ತದೆ ಅನ್ನುವುದನ್ನು ಮೂವತ್ತು ವರ್ಷ ಕೇಳಿದ ಕಿವಿ ಹಿಡಿಯುತ್ತದೆ. ಅದನ್ನು ಫೋಲ್ಡರಿನಲ್ಲಿ ಏನಂತ ಬರೆಯುವುದು?

ಇನ್ನೊಂದು ತೊಡಕೂ ಇದೆ. ನಮಗೆ ಚೆನ್ನಾಗಿ ಗೊತ್ತಿರುವುದು ಇನ್ನೊಬ್ಬರಿಗೂ ಸುಲಭವಾಗಿ ಗೊತ್ತಾಗುತ್ತದೆ ಅನ್ನುವ ಭ್ರಮೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಎದುರಿನವರು ಯಾವ ಹಾಡು ಅಂತ ಹೇಳಬೇಕು. ಸುಮಾರು ಅರ್ಧದಷ್ಟು ಸಲ ಕಂಡುಹಿಡಿಯುತ್ತಾರೆ ಅಂತ ತಟ್ಟಿದವರು ಅಂದಾಜು ಮಾಡಿದ್ದರು. ತಟ್ಟಿದ 120 ಹಾಡುಗಳಲ್ಲಿ ಕಂಡುಹಿಡಿದದ್ದು 3. ತಟ್ಟುವವರ ತಲೆಯಲ್ಲಿ ಪೂರ್ತಿ ಹಾಡೇ ನಡೆಯುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್. ನಿಮ್ಮ ಫೋಲ್ಡರಿನಲ್ಲಿ ಕಸ ಅಂತ ನೀವು ತಳ್ಳಿಹಾಕಿದ್ದರಲ್ಲಿ ಒಂದಷ್ಟು ಇಂಥ ಟಕ್ ಟಕ್ ಇರಬಹುದು. ಇನ್ನೊಮ್ಮೆ ತೆಗೆದು ನೋಡಿ.

ಹದವನ್ನು ದಾಟಿಸುವುದು ಹೇಗೆ? ಜಪಾನಿನ ಮಾತ್ಸುಶಿತಾ ಕಂಪನಿಯವರು 1985ರ ಹೊತ್ತಿಗೆ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸುತ್ತಿದ್ದರು. ಯಂತ್ರ ಹಿಟ್ಟನ್ನು ಸರಿಯಾಗಿ ನಾದುತ್ತಿರಲಿಲ್ಲ. ಯಂತ್ರ ನಾದಿದ ಹಿಟ್ಟು, ಬಾಣಸಿಗ ನಾದಿದ ಹಿಟ್ಟು ಎರಡರ ಎಕ್ಸ್‌ರೇ ತೆಗೆದು ಹೋಲಿಸಿದರೂ ತಿಳಿಯಲಿಲ್ಲ. ಕೊನೆಗೆ ತಂಡದಲ್ಲಿದ್ದ ಇಕುಕೊ ತನಾಕಾ ಅನ್ನುವ ಸಾಫ್ಟ್‌ವೇರ್ ತಜ್ಞೆ ಓಸಾಕಾದ ಒಂದು ದೊಡ್ಡ ಹೋಟೆಲಿನ ಮುಖ್ಯ ಬ್ರೆಡ್ ತಯಾರಕರ ಹತ್ತಿರ ಶಿಷ್ಯೆಯಾಗಿ ಸೇರಿದರು. ಜೊತೆಯಲ್ಲಿ ಹಿಟ್ಟು ನಾದುತ್ತಾ ನಾದುತ್ತಾ ಒಂದು ದಿನ ಕಣ್ಣಿಗೆ ಬಿತ್ತು: ಆತ ಹಿಟ್ಟನ್ನು ಬರೀ ಎಳೆಯುತ್ತಿಲ್ಲ, ಎಳೆಯುವಾಗ ತಿರುಚುತ್ತಿದ್ದಾನೆ. ಯಂತ್ರದ ಒಳಗೋಡೆಗೆ ಏಣುಗಳನ್ನು ಸೇರಿಸಿ ಆ ತಿರುಚುವಿಕೆಯನ್ನು ತಂದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಇಲ್ಲಿ ಗಮನಿಸಬೇಕಾದದ್ದು, ಮಾತಿನಲ್ಲಿ ಹಿಡಿದವರು ಗುರು ಅಲ್ಲ, ಶಿಷ್ಯೆ. ಪ್ರತಿದಿನ ಮಾಡುವವರಿಗೆ ಅದು ಕಾಣುವುದೇ ಇಲ್ಲ.

ಆದ್ದರಿಂದ ನಿವೃತ್ತರಾಗುವ ಹಿರಿಯರಿಗೆ "ಬರೆದುಕೊಡಿ" ಅನ್ನಬೇಡಿ. ಜಾಣ ಕಿರಿಯರು ಒಬ್ಬಿಬ್ಬರನ್ನು ಈ ವಾರದಿಂದಲೇ ಅವರ ಜೊತೆ ಹಾಕಿ. ಸುಮ್ನೆ ಹಿಂದೆ ಓಡಾಡಲಿಕ್ಕಲ್ಲ. ಕೆಲಸ ಕಿರಿಯರು ಮಾಡಲಿ, ಹಿರಿಯರು ಪಕ್ಕದಲ್ಲಿ ನಿಲ್ಲಲಿ. ಅವರು ಎಲ್ಲಿ "ತಡಿ ತಡಿ, ಹಾಗಲ್ಲ" ಅನ್ನುತ್ತಾರೋ ಅಲ್ಲೇ ನಿಮಗೆ ಬೇಕಾದದ್ದು ಇದೆ. ಕಿರಿಯರು ಆ ಜಾಗವನ್ನು ಅವತ್ತು ಸಂಜೆಯೇ ತಮ್ಮ ಮಾತಿನಲ್ಲಿ ಬರೆಯಲಿ, ಮರುದಿನ ಹಿರಿಯರು ಓದಿ ತಿದ್ದಲಿ. ಖಾಲಿ ಹಾಳೆ ಕೊಟ್ಟರೆ ಒಂದು ಸಾಲೂ ಬರೆಯದವರು ಇನ್ನೊಬ್ಬ ಬರೆದದ್ದರಲ್ಲಿ ತಪ್ಪು ಕಂಡರೆ ಎರಡು ಪುಟ ಮಾತಾಡುತ್ತಾರೆ. ಮನುಷ್ಯನ ಸ್ವಭಾವವೇ ಹಾಗೆ, ನಾನೂ ಹಾಗೆ.

ಎಂಟು ತಿಂಗಳು ಜಾಸ್ತಿ ಅನಿಸಬಹುದು, ಅಲ್ವಾ? ವರ್ಷಕ್ಕೊಮ್ಮೆ ಕೈಕೊಡುವ ಯಂತ್ರ ಅಷ್ಟರಲ್ಲಿ ಕೆಡದೇ ಇರಬಹುದು. ಅಂಥವನ್ನು ಬೇಕೆಂದೇ ಬಿಚ್ಚಿ ಮತ್ತೆ ಜೋಡಿಸುವ ದಿನಗಳನ್ನು ಗುರುತು ಹಾಕಿಕೊಳ್ಳಿ. ಉತ್ಪಾದನೆಯವರು ಗೊಣಗುತ್ತಾರೆ. ಗೊಣಗಲಿ.

ಈ ಅವಸರ ಯಾಕೆ ಅನ್ನುವವರಿಗೆ ಹೇಳಲು ಒಂದು ಉದಾಹರಣೆ ಇಟ್ಟುಕೊಳ್ಳಿ. ಅಮೆರಿಕದ ಡಬ್ಲ್ಯೂ76 ಅನ್ನುವ ಅಣು ಸಿಡಿತಲೆಯಲ್ಲಿ ಬಳಸುವ ಒಂದು ವಸ್ತುವಿಗೆ ಫಾಗ್‌ಬ್ಯಾಂಕ್ ಅನ್ನುವ ಗುಪ್ತನಾಮ ಇದೆ. 1980ರ ದಶಕದ ಕೊನೆಗೆ ಅದರ ತಯಾರಿಕೆ ನಿಲ್ಲಿಸಿದರು. 2000ದ ನಂತರ ಮತ್ತೆ ಬೇಕಾಯಿತು. ಆದರೆ ಮಾಡುವುದು ಹೇಗೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ! ದಾಖಲೆಗಳು ಕಡಿಮೆ, ಮಾಡಿ ಗೊತ್ತಿದ್ದವರು ಹೆಚ್ಚುಕಮ್ಮಿ ಎಲ್ಲರೂ ನಿವೃತ್ತರಾಗಿದ್ದರು ಅಥವಾ ಬಿಟ್ಟು ಹೋಗಿದ್ದರು. 2009ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೇ ಇದನ್ನು ವರದಿಯಲ್ಲಿ ಬರೆದರು. ಹೊಸ ಘಟಕ ಕಟ್ಟಿ, ಹಳೆಯ ಕ್ರಮದಲ್ಲೇ ಮಾಡಿದರೂ ವಸ್ತು ಸರಿಬರಲಿಲ್ಲ. ಕೊನೆಗೆ ಕಾರಣ ತಿಳಿಯಿತು. ಹಿಂದೆ ಕಚ್ಚಾವಸ್ತುವಿನಲ್ಲಿ ಒಂದು ಕಲ್ಮಶ ಸೇರಿರುತ್ತಿತ್ತು. ಈಗಿನ ಶುದ್ಧೀಕರಣದಲ್ಲಿ ಅದು ಹೋಗಿಬಿಟ್ಟಿತ್ತು. ಆ ಕಲ್ಮಶವೇ ಕೆಲಸ ಮಾಡುತ್ತಿದ್ದದ್ದು. ಹಳಬರಿಗೂ ಅದು ಗೊತ್ತಿರಲಿಲ್ಲ. ಅಂದರೆ, ಅವರನ್ನು ಕೂರಿಸಿ ಬರೆಸಿದ್ದರೂ ಅದು ಬರುತ್ತಿರಲಿಲ್ಲ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು "ಇದು ಯಾಕೆ ಹೀಗೆ?" ಅಂತ ಕೇಳುವವರು ಬೇಕಿತ್ತು.

ಈಗ ನಿಮ್ಮ ಬಹುಮಾನ. ಅತಿ ಹೆಚ್ಚು ಬರೆದವರಿಗೆ ಅಂದಿರಿ, ಅತಿ ಹೆಚ್ಚು ಬಂತು. ಕೇಳಿದ್ದನ್ನೇ ಕೊಟ್ಟಿದ್ದಾರೆ, ಬೈಯುವ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. 1971ರಲ್ಲಿ ಎಡ್ವರ್ಡ್ ಡೆಸಿ ಅನ್ನುವ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ಒಂದು ಗುಂಪಿಗೆ ಒಂದು ದಿನ ಬಿಡಿಸಿದ್ದಕ್ಕೆ ದುಡ್ಡು ಕೊಟ್ಟು, ಮುಂದಿನ ಸಲ ನಿಲ್ಲಿಸಿದರು. ದುಡ್ಡು ನಿಂತ ಮೇಲೆ ಆ ಗುಂಪಿನವರು ಬಿಡುವಿನ ಹೊತ್ತಿನಲ್ಲಿ ಒಗಟಿನ ಜೊತೆ ಕಳೆಯುವ ಸಮಯ ಕಡಿಮೆಯಾಯಿತು. ಖುಷಿಗೆ ಮಾಡುತ್ತಿದ್ದದ್ದು ಕೂಲಿಯ ಕೆಲಸವಾಯಿತು. ನಿಮ್ಮ ತಂಡದಲ್ಲಿ ಬಹುಮಾನಕ್ಕೆ ಮುಂಚೆಯೂ ಯಾರೋ ಯಾರಿಗೋ ಹೇಳಿಕೊಡುತ್ತಲೇ ಇದ್ದಿರಬೇಕು. ಅವರು ಈಗಲೂ ಹೇಳಿಕೊಡುತ್ತಿದ್ದಾರಾ? ಒಮ್ಮೆ ವಿಚಾರಿಸಿ.

ನಿಮಗೆ ಹತ್ತಿರದ ಉದಾಹರಣೆ ಜೆರಾಕ್ಸ್ ಕಂಪನಿಯದು, ಯಾಕೆಂದರೆ ಅವರೂ ರಿಪೇರಿಯವರೇ. 1980ರ ದಶಕದಲ್ಲಿ ಜೂಲಿಯನ್ ಓರ್ ಅನ್ನುವ ಮಾನವಶಾಸ್ತ್ರಜ್ಞ ಆ ಕಂಪನಿಯ ಕಾಪಿಯರ್ ರಿಪೇರಿಯವರ ಜೊತೆ ಓಡಾಡಿದರು. ಕೈಪಿಡಿ ನೋಡಿಕೊಂಡು ರಿಪೇರಿ ಮಾಡುತ್ತಾರೆ ಅಂತ ಕಂಪನಿ ನಂಬಿತ್ತು. ಕೈಪಿಡಿಯಲ್ಲಿಲ್ಲದ ತೊಂದರೆಗಳನ್ನು ಅವರು ಬಗೆಹರಿಸುತ್ತಿದ್ದದ್ದು ಒಟ್ಟಿಗೆ ಸೇರಿದಾಗ ಹೇಳಿಕೊಳ್ಳುವ ಕಥೆಗಳಿಂದ. "ಹೋದ ವಾರ ಒಂದು ಯಂತ್ರ ಹೀಗೆ ಸತಾಯಿಸಿತು ನೋಡು" ಅನ್ನುವಂಥ ಕಥೆಗಳು. ಹೊರಗಿನವರಿಗೆ ಅದು ಹರಟೆ. ಆಮೇಲೆ 1990ರ ದಶಕದಲ್ಲಿ ಯುರೇಕಾ ಅನ್ನುವ ವ್ಯವಸ್ಥೆ ಬಂತು. ರಿಪೇರಿಯವರು ತಾವು ಕಂಡುಕೊಂಡ ಉಪಾಯವನ್ನು ಕಳಿಸಬೇಕು, ಪರಿಣತರಾದ ಅವರ ಜೊತೆಯವರೇ ಪರೀಕ್ಷಿಸಿ ಒಪ್ಪಬೇಕು, ಆಮೇಲೆ ಅದು ಎಲ್ಲರಿಗೂ ಸಿಗುತ್ತದೆ. ದುಡ್ಡಿನ ಬಹುಮಾನದ ಮಾತು ಅಲ್ಲೂ ಬಂದಿತ್ತು. ರಿಪೇರಿಯವರು ಬಯಸಿದ್ದು ಬೇರೆ: ಉಪಾಯದ ಜೊತೆ ಅದನ್ನು ಕಂಡುಹಿಡಿದವರ ಹೆಸರಿರಲಿ. ಅಷ್ಟೇ. ಹೀಗೆ ಹತ್ತಾರು ಸಾವಿರ ಉಪಾಯಗಳು ಸೇರಿದವು.

ಇದರಿಂದ ನಿಮಗೆ ಬೇಕಾದದ್ದು ಎರಡು. ಹೆಸರು ಹಾಕಿ. ಕಂಪನಿಯ ಜ್ಞಾನಭಂಡಾರ ಅಂತ ಹೆಸರಿಲ್ಲದ ಗುಡ್ಡೆ ಮಾಡಬೇಡಿ. ಮತ್ತೆ, ಒಪ್ಪುವ ಕೆಲಸ ಜೊತೆಯವರಿಗೆ ಬಿಡಿ, ನೀವು ಒಪ್ಪಬೇಡಿ. ಮ್ಯಾನೇಜರ್ ಬೆನ್ನು ತಟ್ಟುವುದಕ್ಕೂ, ಅದೇ ಕೆಲಸದಲ್ಲಿ ಪಳಗಿದ ಇನ್ನೊಬ್ಬ "ಇದು ನನಗೂ ಹೊಳೆದಿರಲಿಲ್ಲ" ಅನ್ನುವುದಕ್ಕೂ ಅಜಗಜಾಂತರ. ನಿಮ್ಮ ನಾಲ್ಕೈದು ಹಿರಿಯರಿಗೇ ಪರೀಕ್ಷಿಸುವ ಅಧಿಕಾರ ಕೊಟ್ಟು ನೋಡಿ. ಕಸ ತಾನಾಗಿಯೇ ನಿಲ್ಲುತ್ತದೆ. ಅಷ್ಟೇ ಅಲ್ಲ, "ಇದು ಅರ್ಧ ಸತ್ಯ" ಅನ್ನುತ್ತಾ ಅವರೇ ಉಳಿದರ್ಧ ಹೇಳತೊಡಗುತ್ತಾರೆ.

ಒಂದು ಎಚ್ಚರಿಕೆ. ಉಪಾಯಗಳು ಬೇಗ ಬರುತ್ತವೆ, ತಪ್ಪುಗಳು ಬರುವುದಿಲ್ಲ. "ನಾನು ಈ ಬೋಲ್ಟನ್ನು ತಪ್ಪಾಗಿ ಬಿಗಿದು ಯಂತ್ರ ನಿಂತಿತು" ಅಂತ ಯಾರೂ ಬರೆಯುವುದಿಲ್ಲ. ಆದರೆ ಕಲಿಯಲು ಇರುವುದು ಅಲ್ಲೇ ಜಾಸ್ತಿ. ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ್ದರು, 1996ರಲ್ಲಿ ಅದು ಪ್ರಕಟವಾಯಿತು. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಹೊರಟರೆ, ಅಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಹೆದರದೆ ಹೇಳುತ್ತಿದ್ದರು ಅನ್ನುವುದೇ ಅವರು ಕಂಡುಕೊಂಡ ವಿವರಣೆ. ವಿಮಾನಯಾನದವರು ಇದನ್ನು ಮುಂಚೆಯೇ ಅರಿತಿದ್ದರು. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ತಪ್ಪುಗಳನ್ನು ಶಿಕ್ಷೆ ಕೊಡುವ ಇಲಾಖೆಗಲ್ಲ, ನಾಸಾಕ್ಕೆ ಬರೆದು ಕಳಿಸಬಹುದು. ನಾಸಾ ಹೆಸರು ತೆಗೆದು ಪಾಠವನ್ನು ಮಾತ್ರ ಹಂಚುತ್ತದೆ. ಗೊತ್ತಿಲ್ಲದೆ ನಿಯಮ ಮೀರಿದವರು ಹತ್ತು ದಿನದೊಳಗೆ ವರದಿ ಕಳಿಸಿದ್ದರೆ ಸಾಮಾನ್ಯವಾಗಿ ದಂಡದಿಂದ ವಿನಾಯಿತಿಯೂ ಇದೆ. ಇಲ್ಲಿಯವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ವರದಿಗಳು ಬಂದಿವೆ.

ಹಾಗಾಗಿ ಉಪಾಯಕ್ಕೆ ಹೆಸರು ಇರಲಿ, ತಪ್ಪಿಗೆ ಹೆಸರು ಬೇಡ. ಒಂದು ಹೆಸರು ಮಾತ್ರ ಇರಬಹುದು, ನಿಮ್ಮದು. ಮುಂದಿನ ಸಭೆಯಲ್ಲಿ ನೀವು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡಿ. ಈ ಬಹುಮಾನದ ಕಥೆಯೇ ಆಗಬಹುದು.

ಸಮಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರಕ್ಕೆ ಎರಡು ಗಂಟೆ ಕೆಲಸದ ವೇಳೆಯಲ್ಲೇ ಇದಕ್ಕೆ ಮೀಸಲಿಡಿ. ಆಗದಿದ್ದರೆ, ಇದು ಮುಖ್ಯ ಅಂತ ಹೇಳುವುದನ್ನೂ ನಿಲ್ಲಿಸಿಬಿಡಿ. ಜನ ಮಾತನ್ನು ನಂಬುವುದಿಲ್ಲ, ಕೆಲಸದ ಪಟ್ಟಿಯನ್ನು ನಂಬುತ್ತಾರೆ.

ಇಷ್ಟೆಲ್ಲ ಮಾಡಿದರೂ ಒಬ್ಬರೋ ಇಬ್ಬರೋ ಬಾಯಿ ಬಿಡುವುದಿಲ್ಲ. ಹಳೆಯ ಯಾವುದೋ ಅವಮಾನ ಇರಬಹುದು, ಸ್ವಭಾವವೇ ಇರಬಹುದು. ಅವರ ಹಿಂದೆ ಬೀಳಬೇಡಿ. ಅವರಿಗೆ ಮಾತ್ರ ಗೊತ್ತಿರುವ ಕೆಲಸ ಯಾವುದು ಅಂತ ಪಟ್ಟಿ ಮಾಡಿ, ಆ ಕೆಲಸಗಳಿಗೆ ಇಬ್ಬಿಬ್ಬರನ್ನು ಕಳಿಸುವ ನಿಯಮ ಎಲ್ಲರಿಗೂ ಒಂದೇ ಥರ ಮಾಡಿ. ಹಾಗೆಯೇ, ಎಲ್ಲವನ್ನೂ ಎಲ್ಲರೂ ಕಲಿಯಬೇಕು ಅನ್ನುವ ಹಟವೂ ಬೇಡ. ಯಾವುದು ಒಬ್ಬರಿಗೆ ಮಾತ್ರ ಗೊತ್ತಿದ್ದು, ಆ ಒಬ್ಬರಿಲ್ಲದ ದಿನ ಕೆಲಸ ನಿಲ್ಲುತ್ತದೋ ಅಷ್ಟು ಸಾಕು. 34 ಜನರ ತಂಡದಲ್ಲಿ ಅಂಥವು ಹತ್ತೋ ಹದಿನೈದೋ ಇರುತ್ತವೆ ಅಂತ ನನ್ನ ಅಂದಾಜು.

ಆ ಪಟ್ಟಿಯನ್ನು ನೀವೇ ಕೂತು ಮಾಡಬೇಡಿ. ನಿವೃತ್ತರಾಗುವ ಹಿರಿಯರನ್ನು ಒಂದು ದಿನ ಯಂತ್ರಗಳ ನಡುವೆಯೇ ನಡೆದಾಡುತ್ತಾ ಕೇಳಿ: "ನೀವು ಹೋದ ಮೇಲೆ ಇದರಲ್ಲಿ ಯಾವುದು ಮೊದಲು ಕೈಕೊಡುತ್ತೆ, ಹೇಳಿ?" ಫೋಲ್ಡರ್, ಪುಸ್ತಕ, ಪೆನ್ನು ಯಾವುದೂ ಅವತ್ತು ಬೇಡ. ಅವರು ಯಾವ ಯಂತ್ರದ ಮುಂದೆ ನಿಲ್ಲುತ್ತಾರೋ, ಮೊದಲ ಕಿರಿಯನನ್ನು ಮರುದಿನ ಆ ಯಂತ್ರಕ್ಕೇ ಹಾಕಿ.